ವಯಸ್ಸು ಅಳೆಯುವ ದೇವಾನಂದ

ದೇವಾನಂದನ ಜನ್ಮದಿನ ಜೂನ್ ಒಂದು ಎಂದು ಎಲ್ಲ ಕಾಗದಗಳಲ್ಲೂ ಇದೆ. ಹಾಗೆ ಬರೆದವನು ನಾನೇ. ಬಿಬವೇವಾಡಿಯ ಕನ್ನಡ ಶಾಲೆಯಲ್ಲಿ ಆಗ ನಾನು ಮಾಸ್ತರನಾಗಿದ್ದೆ. ಅವನ ತಾಯಿ ಚಂದಮ್ಮ ಯಾದಗಿರಿ ಕಡೆಯಿಂದ ಬಂದು ಪುಣೆಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಶಾಲೆ ಶುರುವಾಗುವ ವಾರ ಮಗನನ್ನು ಕೈಹಿಡಿದು ತಂದು ನನ್ನ ಮೇಜಿನ ಮುಂದೆ ನಿಲ್ಲಿಸಿದಳು.

"ಹುಟ್ಟಿದ ತಾರೀಖು ಹೇಳಮ್ಮಾ" ಎಂದೆ.

"ಸ್ವಾರಗೇಟ್ ಹತ್ರ ದೊಡ್ಡ ಬಿಲ್ಡಿಂಗಿಂದು ಮೂರನೇ ಸ್ಲ್ಯಾಬ್ ಹಾಕ್ಲಾಕತ್ತಿದ್ರು ನೋಡ್ರಿ ಮಾಸ್ತರ, ಅವತ್ತು ಹುಟ್ಯಾನ. ಮ್ಯಾಲಿಂದ ಇಳಿದು ಬಂದು ಹಡದೀನಿ."

ಮೂರನೇ ಸ್ಲ್ಯಾಬನ್ನು ಬರೆಯಲು ನಮ್ಮ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ. ಹುಡುಗನ ಹಲ್ಲು ನೋಡಿ ವರ್ಷ ಹಾಕಿದೆ, ತಾರೀಖು ಜೂನ್ ಒಂದು ಹಾಕಿದೆ. ಆ ವರ್ಷ ಒಂದನೇ ಇಯತ್ತೆಗೆ ಸೇರಿದ ಮಕ್ಕಳಲ್ಲಿ ಹೆಚ್ಚಿನವರು ನನ್ನ ಪೆನ್ನಿನ ದಯದಿಂದ ಅದೇ ದಿನ ಹುಟ್ಟಿದವರು. ಇದರಲ್ಲಿ ನನಗೇನೂ ವಿಚಿತ್ರ ಕಾಣಲಿಲ್ಲ, ಸರಕಾರಕ್ಕೂ ಕಾಣಲಿಲ್ಲ. ನಾಲ್ಕನೇ ಇಯತ್ತೆಯಲ್ಲಿದ್ದಾಗ ದೇವಾನಂದನಿಗೆ ಕಂಡಿತು.

"ಸರ್, ನಾವೆಲ್ಲಾ ಒಂದ ದಿನ ಹುಟ್ಟೀವಿ. ಹಂಗಾದ್ರ ಈ ಶರಣಪ್ಪಗ ಮೀಸಿ ಯಾಕ ಬಂದಾವ್ರಿ?"

ಕೂತ್ಕೊ ಎಂದೆ. ಕೂತ. ಮುಂದೆ ನೈಟ್ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತ, ತಾಯಿ ಕಟ್ಟಿದ ಕಟ್ಟಡಗಳಲ್ಲೇ ಒಂದಾದ ಕಾಲೇಜಿನಲ್ಲಿ ವಿಜ್ಞಾನ ಓದಿ, ಮನುಷ್ಯನಿಗೆ ಯಾಕೆ ವಯಸ್ಸಾಗುತ್ತದೆ ಎಂಬುದರ ಮೇಲೆಯೇ ಡಾಕ್ಟರೇಟ್ ಪಡೆದ. ಮೊದಲು ಅವನ ಕೆಲಸವೆಲ್ಲ ಹುಳುಗಳ ಮೇಲೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ಮೂರು ವಾರ ಬದುಕುತ್ತದೆ. ಇವನು ಅದರ ಆಹಾರವನ್ನು ಹೆಚ್ಚುಕಡಿಮೆ ಮಾಡಿ ನಾಲ್ಕು ವಾರ ಬದುಕಿಸಿದ.

ಒಂದು ಪತ್ರಿಕೆ ಇದನ್ನು "ಮುಪ್ಪನ್ನು ಗೆದ್ದ ಪುಣೆಯ ವಿಜ್ಞಾನಿ" ಎಂದು ಮುಖಪುಟದಲ್ಲಿ ಹಾಕಿತು. ಮರುದಿನ ಬೆಳಿಗ್ಗೆ ಪರ್ವತಿ ಗುಡ್ಡ ಹತ್ತುವ ನಿವೃತ್ತ ಮಂದಿಯೆಲ್ಲ ಗುಡ್ಡ ಬಿಟ್ಟು ಇವನ ಮನೆಯ ಎರಡು ಮಾಳಿಗೆ ಹತ್ತಿ ಬಂದರು. ಅದು ಹುಳುವಿನ ವಿಚಾರ, ಮನುಷ್ಯರಿಗೆ ಇನ್ನೂ ಏನೂ ಗೊತ್ತಿಲ್ಲ ಎಂದು ದೇವಾನಂದ ಒಂದು ಗಂಟೆ ಬಿಡಿಸಿ ಹೇಳಿದ. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಒಬ್ಬ ನಿವೃತ್ತ ಇಂಜಿನಿಯರರು ಎದ್ದು ನಿಂತು, "ಎಲ್ಲಾ ಸರಿ. ಹುಳಾನ್ನ ನೆನಸಿ ತಿನ್ನಬೇಕೋ, ಒಣಗಿಸಿಯೋ?" ಎಂದು ಕೇಳಿದರು.

ಆ ಸುದ್ದಿ ಓದಿದವರಲ್ಲಿ ಪ್ರೇಮಕುಮಾರ ಸೇಠರೂ ಒಬ್ಬರು. ಪುಣೆಯಲ್ಲಿ ಎತ್ತರದ ಕಟ್ಟಡ ಕಂಡರೆ ಅದು ಅವರದ್ದಿರಬೇಕು, ಅಷ್ಟು ದೊಡ್ಡ ಬಿಲ್ಡರು. ಆಗ ಅರವತ್ತನಾಲ್ಕು ವರ್ಷ. ಸಾಯುವುದು ಉಳಿದವರ ಅಭ್ಯಾಸ ಎಂಬ ನಂಬಿಕೆಯವರು. ಬೆಳಿಗ್ಗೆ ಎದ್ದು ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂರುತ್ತಿದ್ದರು, ಹಾಗಲಕಾಯಿ ರಸ ಕುಡಿಯುತ್ತಿದ್ದರು, ದಿನಕ್ಕೆ ಮೂವತ್ತೊಂದು ಗುಳಿಗೆ ನುಂಗುತ್ತಿದ್ದರು. ಅವರು ಬಾಣೇರಿನ ಗುಡ್ಡದ ಮಗ್ಗುಲಲ್ಲಿ "ಅಜರ ಸಂಶೋಧನಾ ಕೇಂದ್ರ" ಎಂದು ಒಂದು ಸಂಸ್ಥೆ ತೆರೆದು, ಮೈಸೂರಿನ ಡಾ. ಅನಂತರಾಮು ಎಂಬವರನ್ನು ನಿರ್ದೇಶಕರನ್ನಾಗಿ ಕರೆತಂದು, ದೇವಾನಂದನನ್ನು ವಿಜ್ಞಾನಿಯಾಗಿ ನೇಮಿಸಿಕೊಂಡರು. ಅಜರ ಎಂದರೆ ಮುಪ್ಪಿಲ್ಲದ್ದು. ಚಂದಮ್ಮನಿಗೆ ಮಾತ್ರ ಅದು ಕೊಲ್ಲಾಪುರದ ಕಡೆಯ ಆಜರಾ ಊರು ಎಂದೇ ಅನಿಸಿ, ಮಗ ದಿನಾ ಅಷ್ಟು ದೂರ ಹೋಗಿ ಸಂಜೆಗೆ ಹೇಗೆ ಬರುತ್ತಾನೆ ಎಂದು ತಿಂಗಳುಗಟ್ಟಲೆ ಬೆರಗಾಗಿದ್ದಳು.

ಅಲ್ಲಿ ದೇವಾನಂದ ಮಾಡಿದ ಕೆಲಸ ನಿಜಕ್ಕೂ ದೊಡ್ಡದು. ವರ್ಷ ಕಳೆದಂತೆ ನಮ್ಮ ರಕ್ತದ ಕಣಗಳಲ್ಲಿ ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಬೀಳುತ್ತವಂತೆ. ಅವನ್ನು ಓದಿದರೆ ಮೈಗೆ ಎಷ್ಟು ವಯಸ್ಸಾಗಿದೆ ಎಂದು ಹೇಳಬಹುದಂತೆ, ಕಾಗದ ಏನಾದರೂ ಹೇಳಲಿ. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ರಟ್ಟಿನ ಚೀಟಿಯ ಮೇಲೆ ಇಳಿಸಿದರೆ ಸಾಕು. ಅವನೂ ಅವನ ಜೊತೆಯ ಪ್ರಾಚಿ ಎಂಬ ಸಂಶೋಧಕಿಯೂ ನಾಲ್ಕು ವರ್ಷ ದುಡಿದು ಆ ಪರೀಕ್ಷೆಯನ್ನು ಸಿದ್ಧಮಾಡಿದರು.

ಮೊದಲ ಹನಿ ಸೇಠರದ್ದೇ. ಬರುವ ತಿಂಗಳ ಹುಟ್ಟುಹಬ್ಬದಲ್ಲಿ ತಮ್ಮ ಮೈಯ ವಯಸ್ಸನ್ನು ಊರಿಗೆಲ್ಲ ಸಾರಬೇಕು ಎಂದು ಅವರು ಹೋಟೆಲು ಗೊತ್ತುಮಾಡಿಯಾಗಿತ್ತು. ಕಾಗದದಲ್ಲಿ ಅರವತ್ತೆಂಟು, ಪರೀಕ್ಷೆಯಲ್ಲಿ ಎಪ್ಪತ್ತನಾಲ್ಕು ಬಂತು.

ಅನಂತರಾಮು ಕೋಣೆಯ ಬಾಗಿಲು ಹಾಕಿದರು. "ಏನ್ರೀ ದೇವಾನಂದ್ ಇದು? ಇನ್ನೊಂದ್ಸಲ ರನ್ ಮಾಡಿ."

"ಮೂರ್ ಸಲ ಮಾಡೀನ್ರಿ ಸರ್. ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು, ಎಪ್ಪತ್ತೈದು."

"ಮೂರನೇ ಸಲಕ್ಕೆ ಇನ್ನೊಂದು ವರ್ಷ ಜಾಸ್ತಿ ಮಾಡಿದ್ರಾ! ಸ್ವಲ್ಪ ರೌಂಡ್ ಆಫ್ ಮಾಡೋಕಾಗಲ್ವಾ?"

"ಎಷ್ಟಕ್ಕರಿ ಸರ್?"

"ಐವತ್ತಕ್ಕೆ."

ದೇವಾನಂದ ಒಪ್ಪಲಿಲ್ಲ. ಅನಂತರಾಮು ಕೆಟ್ಟವರಲ್ಲ, ಸೇಠರಿಗೆ ಹೆದರುವವರು, ಅಷ್ಟೇ. ಯೋಚನೆ ಮಾಡಿ ಒಂದು ದಾರಿ ಹುಡುಕಿದರು. ಈ ಪರೀಕ್ಷೆಯ ಅಳತೆಗೋಲು ತಯಾರಾಗಿದ್ದು ಪರದೇಶದವರ ರಕ್ತದಿಂದ, ಅದು ನಮ್ಮ ಮೈಗೆ ಹೇಗೆ ಹೊಂದೀತು? ನಮ್ಮದೇ ಜನರ ರಕ್ತ ತೆಗೆದು ಹೊಸ ಅಳತೆಗೋಲು ಮಾಡಿ ಎಂದರು. ಮಾತಿನಲ್ಲಿ ನ್ಯಾಯವಿತ್ತು. ದೇವಾನಂದ ಒಪ್ಪಿದ. ಸೇಠರಿಗೂ ಹಿಡಿಸಿತು. "ನಮ್ಮ ಕಾತ್ರಜದ ಸೈಟಿನಲ್ಲೇ ಸಾವಿರ ಜನ ಇದ್ದಾರಲ್ಲ, ಅವರದ್ದೇ ತೆಗೆದುಕೊಳ್ಳಿ" ಎಂದು ಉದಾರವಾಗಿ ಹೇಳಿದರು.

ಕಾತ್ರಜದ ತಗಡಿನ ಶೆಡ್ಡುಗಳಲ್ಲಿದ್ದವರು ಯಾದಗಿರಿ, ಕಲಬುರಗಿ ಕಡೆಯ ಜನ. ರಕ್ತ ಕೊಡಲು ಅವರದ್ದೇನೂ ತಕರಾರಿರಲಿಲ್ಲ. ತೊಡಕು ಬಂದದ್ದು ಬೇರೆ ಕಡೆ. ಹೊಸ ಅಳತೆಗೋಲು ಮಾಡಬೇಕಾದರೆ ಆ ಮನುಷ್ಯನ ನಿಜವಾದ ವಯಸ್ಸು ಮೊದಲು ಗೊತ್ತಿರಬೇಕು. ಆಧಾರ್ ಕಾರ್ಡು ನೋಡಿದರೆ ಎಲ್ಲರೂ ಜನವರಿ ಒಂದರಂದು ಹುಟ್ಟಿದವರು. ಒಬ್ಬಾಕೆ ತನ್ನ ಮಗಳಿಗಿಂತ ಐದೇ ವರ್ಷ ದೊಡ್ಡವಳು. ಒಬ್ಬನಂತೂ ಇನ್ನೂ ಹುಟ್ಟಿರಲೇ ಇಲ್ಲ.

ಮಗ ತಲೆಮೇಲೆ ಕೈಹೊತ್ತು ಕೂತದ್ದನ್ನು ಚಂದಮ್ಮ ನೋಡಿದಳು. "ಕಾಗದ ಯಾಕ ಕೇಳ್ತಿ ತಮ್ಮಾ? ಮಂದೀನ ಕೇಳು" ಎಂದು, ಮರುದಿನ ಅವನ ಜೊತೆ ಕಾತ್ರಜಕ್ಕೆ ಹೋದಳು. ಅವಳು ಯಾರಿಗೂ ನಿನಗೆ ಎಷ್ಟು ವಯಸ್ಸು ಎಂದು ಕೇಳಲಿಲ್ಲ. ಅವಳು ಕೇಳಿದ್ದೇ ಬೇರೆ. ಅವ್ವಣ್ಣ ಎಂಬ ಗೋಡೆ ಕಟ್ಟುವ ಗವಂಡಿಯನ್ನು ಕೇಳಿದ್ದು ನನ್ನ ಮುಂದೆಯೇ. ನಿವೃತ್ತನಾಗಿದ್ದ ಮುದುಕ ನಾನು, ಬರೆದುಕೊಳ್ಳಲು ಹೋಗಿದ್ದೆ.

"ಕಿಲ್ಲಾರಿ ಭೂಕಂಪ ಆತಲ್ಲ, ಆಗ ಎಲ್ಲಿದ್ದಿ?"

"ಸೊಲ್ಲಾಪುರದಾಗ ನಮ್ಮಪ್ಪನ ಜೋಡಿ ಕೆಲಸದ ಮ್ಯಾಲ ಇದ್ದೆ ಬೇ."

"ತಲಿಮ್ಯಾಲ ಎಷ್ಟು ಇಟ್ಟಂಗಿ ಹೊರ್ತಿದ್ದಿ?"

"ಆರು. ಎಂಟು ಇಟ್ರ ಕುತ್ತಿಗಿ ಹೊಳ್ಳತಿತ್ತು."

"ಹಂಗಾದ್ರ ಹನ್ನೊಂದು ತುಂಬಿತ್ತು, ಹನ್ನೆರಡು ಆಗಿದ್ದಿಲ್ಲ. ಬರ್ಕೋರಿ ಮಾಸ್ತರ."

ಹೀಗೆ ಬರಗಾಲ, ಖಗ್ರಾಸ ಗ್ರಹಣ, ಭೂಕಂಪ, ಯಾರದೋ ಲಗ್ನ, ಯಾವುದೋ ಕಾಲುವೆಯ ಕೆಲಸ ಎಲ್ಲವನ್ನೂ ಸೇರಿಸಿ ಅವಳು ಮುನ್ನೂರಕ್ಕೂ ಹೆಚ್ಚು ಜನರ ವಯಸ್ಸು ಹೇಳಿದಳು. ಹಳೆಯ ಆಸ್ಪತ್ರೆಯ ಚೀಟಿ ಸಿಕ್ಕ ಕೆಲವರಲ್ಲಿ ಪ್ರಾಚಿ ತಾಳೆ ನೋಡಿದಳು. ಒಂದು ವರ್ಷದ ಮೇಲೆ ಎಲ್ಲೂ ತಪ್ಪಿರಲಿಲ್ಲ.

ಫಲಿತಾಂಶ ಬಂತು. ನಲವತ್ತು ದಾಟಿದ ಗವಂಡಿಯ ಮೈಗೆ ಐವತ್ತಾರು, ಐವತ್ತೆಂಟು. ಐವತ್ತನಾಲ್ಕು ವರ್ಷದವನ ಮೈಗೆ ಎಪ್ಪತ್ತನಾಲ್ಕು. ದೇವಾನಂದ ಹುಟ್ಟಿದಂದಿನಿಂದ ಕಂಡ ಜನ ಇವರು. ಅವನ ಅಪ್ಪ ಸತ್ತಾಗ ನಲವತ್ತೇಳು. ಮುದುಕನಾಗಿ ಸತ್ತ ಎಂದೇ ಎಲ್ಲರೂ ಅಂದಿದ್ದರು.

ಸಂಸ್ಥೆಯಲ್ಲಿ ಮಾತ್ರ ಪೇಡೆ ಹಂಚಿದರು. ಹೊಸ ಅಳತೆಗೋಲಿನ ಲೆಕ್ಕ ಅನಂತರಾಮು ಅವರಿಗೆ ಥಟ್ಟನೆ ಹೊಳೆದಿತ್ತು. ಸೇಠರ ಮೈ ಯಾರ ಹಾಗಿದೆ? ಐವತ್ತನಾಲ್ಕು ವರ್ಷದ ದೇಶೀ ಮನುಷ್ಯನ ಹಾಗಿದೆ. ಅಂದ ಮೇಲೆ ಸೇಠರ ಮೈಗೆ ಐವತ್ತನಾಲ್ಕು! ಹೋಟೆಲಿನಲ್ಲಿ ಐವತ್ತನಾಲ್ಕು ಎಂದು ಬರೆದ ದೊಡ್ಡ ಕೇಕು ಬಂತು. ಸೇಠರು ಅದನ್ನು ಕತ್ತರಿಸಿ ಹಾಗಲಕಾಯಿಗೆ, ಮಂಜುಗಡ್ಡೆಗೆ, ವಿಜ್ಞಾನಕ್ಕೆ ಕೃತಜ್ಞತೆ ಹೇಳಿದರು. ತಮ್ಮ ಕಟ್ಟಡ ಕಟ್ಟುವವರು ಅಷ್ಟು ಬೇಗ ಮುದುಕರಾಗದೆ ಇದ್ದಿದ್ದರೆ ತಾವು ಇಷ್ಟು ತರುಣರಾಗುತ್ತಿರಲಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಕು ಕತ್ತರಿಸುತ್ತಿದ್ದರೇನೋ.

ದೇವಾನಂದ ಅದನ್ನೇ ಬರೆದ. ಪರದೇಶದ ಒಂದು ಪತ್ರಿಕೆಗೆ ಕಳಿಸಿದ ಪ್ರಬಂಧದಲ್ಲಿ ಎಲ್ಲ ಅಂಕಿಗಳನ್ನೂ ಕೊಟ್ಟು, ಈ ಅಳತೆಗೋಲಿನಿಂದ ಶ್ರೀಮಂತನ ಪ್ರಾಯವನ್ನು ಅಳೆಯುವುದು ತಪ್ಪು, ಅದು ಅಳೆಯುವುದು ಕೂಲಿಯವನ ಸವೆತವನ್ನು ಎಂದು ಸ್ಪಷ್ಟವಾಗಿ ಹೇಳಿದ. ಲೇಖಕರ ಹೆಸರು ಮೂರು: ದೇವಾನಂದ, ಚಂದಮ್ಮ, ಪ್ರಾಚಿ. ಎರಡನೆಯ ಲೇಖಕರು ಯಾವ ಸಂಸ್ಥೆಯವರು ಎಂದು ಪತ್ರಿಕೆಯವರು ಕೇಳಿದರು. ಬಿಬವೇವಾಡಿ ಎಂದು ಬರೆದು ಕಳಿಸಿದ.

ಪ್ರಬಂಧ ಪ್ರಕಟವಾದ ವಾರವೇ ಗದ್ದಲ ಎದ್ದಿತು. ಸೇಠರ ಕೇಕು ಪತ್ರಿಕೆಗಳಲ್ಲಿ ನಗೆಪಾಟಲಾಯಿತು. ಅಂಕಿಗಳು ತಪ್ಪು ಎಂದು ಹೇಳಲು ಯಾರಿಗೂ ಆಗಲಿಲ್ಲ. ಆದ್ದರಿಂದ ಸಂಸ್ಥೆ ತಾಯಿಯ ಹೆಸರನ್ನು ಹಿಡಿಯಿತು. ಅಕ್ಷರ ಬಾರದ ಹೆತ್ತತಾಯಿಯನ್ನು ಲೇಖಕಿ ಮಾಡಿದ್ದು ವಿಜ್ಞಾನಕ್ಕೆ ಬಗೆದ ದ್ರೋಹ ಎಂದು ಮೂರು ಜನ ಪ್ರಾಧ್ಯಾಪಕರ ವಿಚಾರಣಾ ಸಮಿತಿ ಕೂತಿತು. ಚಂದಮ್ಮನಿಗೂ ಕರೆ ಬಂತು. ಜೊತೆಗೆ ಯಾರಾದರೂ ಒಬ್ಬರು ಬರಬಹುದು ಎಂದಿದ್ದರು, ನಾನು ಹೋದೆ.

ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಅಧ್ಯಕ್ಷರು ಮರಾಠಿಯಲ್ಲಿ, ನೀವು ಬಳಸುವ ವಿಧಾನ ಯಾವುದು ಎಂದು ಕೇಳಿದರು. ಅವಳಿಗೆ ಅದು ತಿಳಿಯಲಿಲ್ಲ. ಎದುರಿಗೆ ಕೂತಿದ್ದ ಅನಂತರಾಮು ಕನ್ನಡದಲ್ಲಿ ಬಿಡಿಸಿದರು. "ವಯಸ್ಸು ಹೇಗೆ ಕಂಡುಹಿಡೀತೀರಿ ಅಂತ ಕೇಳ್ತಿದಾರಮ್ಮ."

"ಹಂಗ ಹೇಳ್ಲಾಕ ಬರಂಗಿಲ್ರಿ ಸಾಹೇಬ್ರ. ಕೇಳಿ ತೋರಸ್ತೀನಿ. ನಿಮ್ಮನ್ನ ಕೇಳ್ಲೇನು?"

ಸಂಸ್ಥೆಯ ಕಡೆಯವರಲ್ಲಿ ಕನ್ನಡ ಬರುವವರು ಅವರೊಬ್ಬರೇ. ನಗುತ್ತಾ, "ಕೇಳಿ, ಕೇಳಿ" ಎಂದರು.

"ಆ ದೊಡ್ಡ ಗ್ರಹಣ ಆತಲ್ಲ, ಹಾಡುಹಗಲಾಗ ಕತ್ತಲಾಗಿ ಮಂದಿ ಯಾರೂ ಹೊರಗ ಬರಲಿಲ್ಲ, ಅವತ್ತು ನೀವು ಎಲ್ಲಿದ್ರಿ?"

ಅನಂತರಾಮು ಅವರ ಮುಖ ಸಡಿಲವಾಯಿತು. "ಮನೇಲೇ ಇದ್ವಿ. ಕಿಟಕಿಗೆಲ್ಲ ಕಂಬಳಿ ಹಾಕಿದ್ರು ನಮ್ಮಮ್ಮ. ನಾನು ಎಸ್ಸೆಸ್ಸೆಲ್ಸಿ ಓದ್ಕೊಳ್ತಿದ್ದೆ. ನನ್ನ ತಂಗಿ ಸುಮಂಗಲಾ ಎಂಟನೇ ಕ್ಲಾಸು, ಹೆದರಿಕೊಂಡು ನನ್ನ ಪಕ್ಕಾನೇ ಕೂತಿದ್ಲು."

"ತಂಗಿ ಅಂದ್ರ ನಿಮ್ಮ ಬೆನ್ನ ಹಿಂದ ಹುಟ್ಟಿದಾಕಿ?"

"ಹೌದು. ನನಗಿಂತ ಎರಡು ವರ್ಷ ಚಿಕ್ಕೋಳು."

"ಆರಾಮ್ ಇದ್ದಾರ್ರಿ? ಏನ್ ಮಾಡ್ತಾರ?"

"ಚೆನ್ನಾಗಿದ್ದಾಳಮ್ಮ. ಸರ್ಕಾರಿ ಹೈಸ್ಕೂಲ್ ಟೀಚರ್ ಆಗಿದ್ಲು. ಹೋದ ವರ್ಷ ಅರವತ್ತಾಯ್ತು, ರಿಟೈರ್ ಆದ್ಲು. ನಾವೇ ಹೋಗಿ ಶಾಲು ಹೊದಿಸಿ..."

ಚಂದಮ್ಮ ಸಹಜವಾಗಿಯೇ ಕೇಳಿದಳು. "ನೀವು ಯಾವಾಗ ರಿಟೈರ್ ಆದ್ರಿ, ಸಾಹೇಬ್ರ?"

ಸಂಸ್ಥೆಯ ನಿಯಮದಂತೆ ನಿರ್ದೇಶಕರು ಅರವತ್ತಕ್ಕೆ ನಿವೃತ್ತರಾಗಬೇಕು. ಅನಂತರಾಮು ಅವರಿಗೆ ಕಾಗದದಲ್ಲಿ ಐವತ್ತೆಂಟು. ನಾನು ಇಡೀ ಮಾತುಕತೆಯನ್ನು ಸಮಿತಿಗೆ ಮರಾಠಿಯಲ್ಲಿ ಹೇಳಬೇಕಾಯಿತು. ಹೇಳಿದೆ. ಮೂವರೂ ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. ಮಾಸ್ತರರೊಬ್ಬರು ಎಂದೋ ಎಲ್ಲೋ ಬರೆದ ತಾರೀಖು ಅದು. ಅನಂತರಾಮು ಅವರ ತಪ್ಪೇನೂ ಇರಲಿಲ್ಲ ಎಂದು ನನಗೆ ಹೇಳಬೇಕೆನಿಸಿತು. ಚಂದಮ್ಮ ಇನ್ನೂ ಉತ್ತರಕ್ಕಾಗಿ ಅವರ ಮುಖ ನೋಡುತ್ತಿದ್ದಳು. ಅಧ್ಯಕ್ಷರು ಅವಳಿಗೆ ಚಹಾ ತರಿಸಿದರು, ತಮಗೆ ಯಾವ ಪ್ರಶ್ನೆಯನ್ನೂ ಕೇಳಲು ಬಿಡದೆ ಬೇಗ ಬೇಗ ಬೀಳ್ಕೊಟ್ಟರು.

ಸಮಿತಿಯ ವರದಿ ಎರಡು ಪುಟದ್ದು. ಶ್ರೀಮತಿ ಚಂದಮ್ಮನವರ ವಿಧಾನ ವೈಜ್ಞಾನಿಕವಲ್ಲ. ನಿರ್ದೇಶಕರ ವಯಸ್ಸು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ತಿಂಗಳೊಳಗೆ ಅನಂತರಾಮು ಆರೋಗ್ಯದ ಕಾರಣ ಕೊಟ್ಟು ಮೈಸೂರಿಗೆ ಹೊರಟರು. ಹೊರಡುವ ಮುನ್ನ ದೇವಾನಂದನಿಗೆ ಫೋನ್ ಮಾಡಿ, "ನಿಮ್ಮ ತಾಯಿ ಒಳ್ಳೇ ಸೈಂಟಿಸ್ಟು ಕಣ್ರೀ" ಎಂದರಂತೆ. ದೇವಾನಂದನ ಕರಾರನ್ನು ಸಂಸ್ಥೆ ಮುಂದುವರಿಸಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಡತಿ ಭುವನೇಶ್ವರಿ ಸುದ್ದಿ ಕೇಳಿ, "ಚಲೋ ಆತು ಬಿಡ್ರಿ. ನಿಮ್ಮ ಮೈಗಿ ಎಷ್ಟಾಗ್ಯದ ಅಂತ ಒಮ್ಮೆಯಾದ್ರೂ ನೋಡ್ಕೊಂಡೀರೇನು?" ಎಂದಳು. ನೋಡಿಕೊಂಡಿರಲಿಲ್ಲ. ಈಗಲೂ ನೋಡಿಕೊಂಡಿಲ್ಲ.

ಕಾತ್ರಜದ ಹತ್ತಿರದ ಒಂದು ಕಾಲೇಜಿನಲ್ಲಿ ಅವನಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಪ್ರಾಚಿಯೂ ಅಲ್ಲಿಗೇ ಬಂದಳು. ಇನ್ನು ನೆಮ್ಮದಿ ಎನ್ನುವಾಗ ಒಂದು ಭಾನುವಾರ ಅವ್ವಣ್ಣ ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ.

"ಡಾಕ್ಟರ್ ಸಾಹೇಬ್ರ, ನನಗ ನಲವತ್ಮೂರು ಇತ್ರಿ. ನೀವು ಬಂದು ಐವತ್ತೆಂಟು ಮಾಡಿ ಹೋದ್ರಿ."

"ಏನಾತು ಅವ್ವಣ್ಣಾ?"

"ಗುತ್ತೇದಾರ ಪೇಪರ್ ಓದ್ಯಾನ. ನಲವತ್ತರ ಮ್ಯಾಲಿನ ಮಂದಿ ಮೈ ಮುದಿ ಆಗಿರತದಂತ, ಬಿದ್ದು ಸತ್ರ ಯಾರಿಗಿ ಬೇಕು ಅಂತ ನಮ್ಮನ್ನ ಒಟ್ಟಾ ತಗೊಳ್ಳವಲ್ಲ. ಇಪ್ಪತ್ತೆರಡು ಮಂದಿ ಮನ್ಯಾಗ ಕುಂತೀವಿ. ಮೊದಲಿಂದ ವಯಸ್ಸು ನಮಗ ವಾಪಸ್ ಕೊಡ್ರಿ."

ದೇವಾನಂದನನ್ನು ಸೇಠರು ಬೈದದ್ದುಂಟು, ಪತ್ರಿಕೆಗಳು ಬೈದದ್ದುಂಟು. ಅವೆಲ್ಲ ಅವನಿಗೆ ತಾಗಿರಲಿಲ್ಲ. ಇದು ತಾಗಿತು. ಆ ದಿನ ಊಟಕ್ಕೆ ಕೂತವನು ರೊಟ್ಟಿ ಮುರಿದು ಹಾಗೆಯೇ ಎದ್ದ. ಮರುದಿನ ಪ್ರಾಚಿಯನ್ನು ಕರೆದುಕೊಂಡು ನೇರವಾಗಿ ಸೈಟಿಗೆ ಹೋದ. ಗುತ್ತೇದಾರ ಮೂವತ್ತೆಂಟರವನು, ಎರಡು ಫೋನು, ಬಾಯಲ್ಲಿ ಗುಟ್ಕಾ, ರಾತ್ರಿ ನಿದ್ದೆಯಿಲ್ಲದ ಕಣ್ಣು. ನಿಮ್ಮದೂ ಒಂದು ಹನಿ ನೋಡೋಣವೇ ಎಂದಾಗ ನಗುತ್ತಾ ಬೆರಳು ಚಾಚಿದ. ಇಂಜಿನಿಯರನೂ ಚಾಚಿದ, ಮೇಸ್ತ್ರಿಯೂ ಚಾಚಿದ.

ಹತ್ತು ದಿನ ಬಿಟ್ಟು ದೇವಾನಂದ ಮೂರು ಲಕೋಟೆ ಕೊಟ್ಟ. ಗುತ್ತೇದಾರ ತನ್ನದನ್ನು ಒಡೆದು ನೋಡಿದ. ಐವತ್ಮೂರು.

"ನಿಮ್ಮ ನಿಯಮದ ಪ್ರಕಾರ ನಾಳೆಯಿಂದ ನೀವೂ ಬರೂ ಹಂಗಿಲ್ಲ. ಈ ಇಬ್ಬರೂ ಬರೂ ಹಂಗಿಲ್ಲ. ಕಟ್ಟಡ ಯಾರು ಕಟ್ತಾರ್ರಿ?" ಎಂದ ದೇವಾನಂದ.

ಗುತ್ತೇದಾರ ಕಾಗದ ಹರಿದು ಎಸೆದ. ಆದರೆ ಆ ವಾರದಲ್ಲೇ ಅವ್ವಣ್ಣನಿಗೂ ಉಳಿದವರಿಗೂ ಕರೆ ಹೋಯಿತು. ಗೇಟಿನಲ್ಲಿ ಹೊಸದೊಂದು ಬೋರ್ಡು ಬಿತ್ತು: ಫೇರಿ ವ್ಯಾಪಾರದವರಿಗೆ, ದೇಣಿಗೆ ಕೇಳುವವರಿಗೆ ಮತ್ತು ವಿಜ್ಞಾನಿಗಳಿಗೆ ಪ್ರವೇಶವಿಲ್ಲ.

ಈಗ ಸೈಟಿನೊಳಗೆ ಹೋಗುವ ಹಾಗಿಲ್ಲವಾದ್ದರಿಂದ ದೇವಾನಂದ ಜನರನ್ನು ಹೊರಗೇ ಹಿಡಿಯುತ್ತಾನೆ. ಊರಿಗೆ ಹೋಗಿ ಎರಡು ತಿಂಗಳು ಇದ್ದು ಬಂದವರ ಮೈಯ ವಯಸ್ಸು ಒಂದೆರಡು ವರ್ಷ ಇಳಿದಿರುತ್ತದೆ ಎಂದು ಅವನಿಗೆ ಅನುಮಾನ. ಎಲ್ಲರದೂ ಇಳಿಯುವುದಿಲ್ಲ, ಕೆಲವರದು ಊರಿಗೆ ಹೋಗಿ ಏರಿದ್ದೂ ಇದೆ. ಆದರೂ ಇದನ್ನು ಒಂದು ಸಭೆಯಲ್ಲಿ ಹೇಳಿದಾಗ, ಔಷಧಿ ಕಂಪನಿಯವರೊಬ್ಬರು ಆಸೆಯಿಂದ ಬಂದು ಅದರಲ್ಲಿರುವ ಮೂಲವಸ್ತು ಯಾವುದು ಎಂದು ಕೇಳಿದರು. "ರಜಾ" ಎಂದ. ಅವರು ಅದನ್ನು ಬರೆದುಕೊಂಡು, ಎಲ್ಲಿ ಬೆಳೆಯುತ್ತದೆ ಎಂದು ಕೇಳಿದರು.

ಮೊನ್ನೆ ಸೋಮವತಿ ಅಮಾವಾಸ್ಯೆಗೆ ಜೇಜುರಿಗೆ ಹೋಗಿದ್ದೆವು. ಖಂಡೋಬನಿಗೆ ನಡೆದುಕೊಳ್ಳುವ ನಮ್ಮ ಕಡೆಯ ಮಂದಿ ಬಸ್ಸುಗಟ್ಟಲೆ ಬರುತ್ತಾರೆ. ಮೆಟ್ಟಿಲ ಬುಡದಲ್ಲಿ ಒಂದು ಮೇಜು ಹಾಕಿ ದೇವಾನಂದ ಸೂಜಿ ಚೀಟಿ ಇಟ್ಟುಕೊಂಡು ಕೂತ. ಚಂದಮ್ಮ ಪಕ್ಕದಲ್ಲಿ ಚಾಪೆ ಹಾಸಿ, ಬಂದವರನ್ನು ಕೂರಿಸಿಕೊಂಡು ಭೂಕಂಪ, ಬರಗಾಲ ಎಂದು ಕೇಳುತ್ತಿದ್ದಳು. ಎಂಬತ್ತು ಚೀಟಿ ತುಂಬುವ ಹೊತ್ತಿಗೆ ಪಲ್ಲಕ್ಕಿ ಬಂತು. ಜನ ಭಂಡಾರ ತೂರಿದರು. ಮೇಜು, ಮಾಸ್ತರ, ವಿಜ್ಞಾನಿ, ಚೀಟಿ ಎಲ್ಲವೂ ಅರಿಶಿನದಲ್ಲಿ ಮುಳುಗಿದವು.

"ಸರ್, ಸಗಳಂ ವಾಯಾ ಗೇಲಂ" ಎಂದು ಪ್ರಾಚಿ ಅಳುವ ಹಾಗಾದಳು. ಎಲ್ಲ ಹಾಳಾಯಿತು, ಮತ್ತೊಮ್ಮೆ ಎಲ್ಲರ ಬೆರಳು ಚುಚ್ಚಬೇಕು.

ಎರಡನೇ ಸಲ ಚುಚ್ಚಿಸಿಕೊಳ್ಳಲು ಜನ ತಯಾರಿರಲಿಲ್ಲ. ಒಂದು ಹನಿ ಕೊಟ್ಟೀವಲ್ಲ, ಇನ್ನ ಯಾಕ ಎಂದು ಸಾಲು ಚದುರತೊಡಗಿತು. ಚಂದಮ್ಮ ಹಣೆಯ ಅರಿಶಿನ ಒರೆಸಿಕೊಳ್ಳುತ್ತ ಎದ್ದು, ಮೊಣಕಾಲ ಮೇಲೆ ಕೈಯೂರಿ ಎರಡು ಮೆಟ್ಟಿಲು ಹತ್ತಿ ನಿಂತು, ಒಬ್ಬೊಬ್ಬರನ್ನೇ ಊರಿನ ಹೆಸರು ಹಿಡಿದು ವಾಪಸು ಕರೆಯಲು ಶುರುಮಾಡಿದಳು. ದೇವಾನಂದ ಹೊಸ ಚೀಟಿಗಳ ಕಟ್ಟು ಬಿಚ್ಚಿದ.